ಬಿಟ್ಟ ಸಾರಥ್ಯಕ್ಕೆ ಮರಳುವಾಗ

ಬಾಲ್ಯದಲ್ಲಿ ಕಲಿತ ಈಜು ಮರೆಯುವುದಿಲ್ಲವೆಂದು ನಮ್ಮಲ್ಲಿ ಹೇಳುವುದುಂಟು. ಲಾರಿ ನಡೆಸುವ ವಿದ್ಯೆಯೂ ಅಂತಹುದೇ ಎಂದು ಆ ವೃತ್ತಿಯನ್ನು ಬಿಟ್ಟು ಬಂದವರಲ್ಲಿ ಅನೇಕರು ನಂಬಿರುತ್ತಾರೆ. ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಕೈಕಾಲುಗಳು ತಮ್ಮ ಹಳೆಯ ಕೆಲಸವನ್ನು ಬೇಗನೆ ನೆನೆಸಿಕೊಳ್ಳುತ್ತವೆ. ಆದರೆ ಹತ್ತು ಹನ್ನೆರಡು ವರ್ಷಗಳಲ್ಲಿ ಕಣ್ಣಿಗೆ ವಯಸ್ಸಾಗಿರುತ್ತದೆ, ನಿದ್ರೆಯ ಕ್ರಮ ಬದಲಾಗಿರುತ್ತದೆ, ಲಾರಿ ಬೇರೆಯಾಗಿರುತ್ತದೆ, ಕಾನೂನು ಬೇರೆಯಾಗಿರುತ್ತದೆ, ಮನೆಯಲ್ಲಿ ದಾರಿ ಕಾಯುವವರ ಸಂಖ್ಯೆಯೂ ಹೆಚ್ಚಿರುತ್ತದೆ. ಈ ಉಳಿದ ಅರ್ಧದ ವಿಷಯವಾಗಿ ಗೃಹಸ್ಥರಾದ ವಾಚಕರಲ್ಲಿ ಕೆಲವು ಮಾತುಗಳನ್ನು ಅರಿಕೆಮಾಡಬೇಕೆಂದು ಈ ಲೇಖನ. ಇದು ಲಾರಿಯವರ ವಿಷಯ, ನಮಗೇಕೆ ಎಂದು ಯಾರೂ ಪುಟ ತಿರುವದಿರಲಿ. ನಮ್ಮ ಜಿಲ್ಲೆಗಳಲ್ಲಿ ಮಗನೋ ಅಳಿಯನೋ ಮೈದುನನೋ ಒಮ್ಮೆ ಲಾರಿಯ ಮೇಲೆ ದುಡಿದಿರದ ಮನೆತನಗಳು ಕಡಿಮೆ. ಮರಳಿ ಹೋಗುವುದೋ ಬೇಡವೋ ಎಂಬ ತೀರ್ಮಾನವಾಗುವುದೂ ಮನೆಯ ಜಗುಲಿಯ ಮೇಲೆಯೇ.

ಇಷ್ಟು ಜನ ಏಕಕಾಲದಲ್ಲಿ ಈ ವೃತ್ತಿಯನ್ನು ಬಿಟ್ಟುದಕ್ಕೆ ನಮ್ಮ ನಾಡಿನಲ್ಲಿ ಒಂದು ದೊಡ್ಡ ಕಾರಣವಿದೆ. ಈ ಶತಮಾನದ ಮೊದಲ ದಶಕದಲ್ಲಿ ಸಂಡೂರು, ಹೊಸಪೇಟೆ, ಬಳ್ಳಾರಿಗಳ ಕಬ್ಬಿಣದ ಅದಿರಿಗೆ ಹೊರದೇಶಗಳಲ್ಲಿ, ವಿಶೇಷವಾಗಿ ಚೀನಾದಲ್ಲಿ, ಅಪಾರವಾದ ಬೇಡಿಕೆ ಹುಟ್ಟಿತು. ಅದಿರು ತುಂಬಿದ ಲಾರಿಗಳು ಕೊಪ್ಪಳ, ಗದಗು, ಹುಬ್ಬಳ್ಳಿಗಳನ್ನು ದಾಟಿ, ಯಲ್ಲಾಪುರದ ಆಚೆ ಅರಬೈಲು ಘಾಟಿಯನ್ನು ಇಳಿದು ಅಂಕೋಲೆಯ ಬಳಿಯ ಬೇಲೆಕೇರಿ ಬಂದರಿಗೆ ಸಾಲುಸಾಲಾಗಿ ಹೋಗುತ್ತಿದ್ದವು. ಹೊಲ ಮಾರಿ ಲಾರಿ ಕೊಂಡವರುಂಟು. ಓದು ಬಿಟ್ಟು ಕ್ಲೀನರಾಗಿ ಸೇರಿ, ಎರಡು ವರ್ಷಗಳಲ್ಲಿ ಡ್ರೈವರಾದ ಹುಡುಗರು ಎಷ್ಟೋ ಮಂದಿ. 2010ರ ಜುಲೈ ತಿಂಗಳಲ್ಲಿ ರಾಜ್ಯ ಸರಕಾರವು ಅದಿರಿನ ರಫ್ತನ್ನು ತಡೆಯಿತು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು; ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಆ ಆಜ್ಞೆ ವಿಸ್ತರಿಸಿತು. ಆ ಆಜ್ಞೆಯ ನ್ಯಾಯವನ್ನು ನಾನು ಪ್ರಶ್ನಿಸುವವನಲ್ಲ. ಬೆಟ್ಟಗಳನ್ನು ಬಗೆದ ರೀತಿಯನ್ನು ಕಂಡವರು ಯಾರೂ ಪ್ರಶ್ನಿಸಲಾರರು. ಆದರೂ ಆ ತಿಂಗಳುಗಳಲ್ಲಿ ರಸ್ತೆಯ ಬದಿಯಲ್ಲಿ ಚಕ್ರದವರೆಗೆ ಹುಲ್ಲು ಬೆಳೆಯುವಂತೆ ನಿಂತುಬಿಟ್ಟ ಲಾರಿಗಳು, ಸಾಲದ ಕಂತು ಕಟ್ಟಲಾರದೆ ಊರಿಗೆ ಮರಳಿದ ಡ್ರೈವರುಗಳು, ಇವರ ಲೆಕ್ಕವನ್ನು ಬರೆದಿಟ್ಟವರು ವಿರಳ. 2013ರ ಏಪ್ರಿಲಿನ ತೀರ್ಪಿನ ನಂತರ ನಿಯಮಬದ್ಧವಾದ ಗಣಿಗಳು ಮತ್ತೆ ತೆರೆದವು. ಅಷ್ಟರಲ್ಲಿ ಅನೇಕರು ಬೇರೆ ಜೀವನೋಪಾಯವನ್ನು ಹಿಡಿದಿದ್ದರು.

ಅಂತಹವರಲ್ಲಿ ಒಬ್ಬನು ನನ್ನ ಹಳೆಯ ವಿದ್ಯಾರ್ಥಿ. ಚಳ್ಳಕೆರೆಯ ಕಡೆಯವನು. ಶಬ್ದರೂಪಗಳನ್ನು ಬಾಯಿಪಾಠ ಮಾಡುವುದರಲ್ಲಿ ಹಿಂದು, ಸೈಕಲ್ಲು ರಿಪೇರಿಯಲ್ಲಿ ಮುಂದು. ಆರು ವರ್ಷ ಅದಿರಿನ ಲಾರಿ ನಡೆಸಿ, 2011ರಲ್ಲಿ ಊರಿಗೆ ಬಂದು, ತಂದೆಯ ನಾಲ್ಕು ಎಕರೆಯಲ್ಲಿ ಶೇಂಗಾ ಈರುಳ್ಳಿ ಬೆಳೆದು ಸಂಸಾರ ನಡೆಸಿದನು. ಎರಡು ಕೊಳವೆ ಬಾವಿಗಳು ಒಂದರ ಹಿಂದೆ ಒಂದು ಬತ್ತಿದವು. ಮಗಳು ನರ್ಸಿಂಗ್ ಓದಬೇಕೆಂದಳು. 2023ರಲ್ಲಿ, ತನ್ನ ನಲವತ್ತಮೂರನೆಯ ವಯಸ್ಸಿನಲ್ಲಿ, ಮರಳಿ ಲಾರಿ ಹತ್ತುವ ಯೋಚನೆಯನ್ನು ಹೊತ್ತು ನಮ್ಮ ಮನೆಗೆ ಬಂದನು. ಅವನ ಹೆಂಡತಿಯೂ ಜೊತೆಯಲ್ಲಿದ್ದಳು. “ಹೋಗುವುದು ಬೇಡವೆಂದು ನಾನು ಹೇಳುವುದಿಲ್ಲ ಮೇಷ್ಟ್ರೇ,” ಎಂದಳು ಆಕೆ, “ಆದರೆ ಆ ಆರು ವರ್ಷ ನಾನು ಒಂದು ರಾತ್ರಿಯೂ ಸರಿಯಾಗಿ ನಿದ್ದೆ ಮಾಡಲಿಲ್ಲ.” ಈ ಮಾತಿಗೆ ಉತ್ತರ ಕೊಡುವುದು ಸುಲಭವಲ್ಲ. 2022ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಮಂದಿ ಎಂದು ಕೇಂದ್ರ ಸರಕಾರದ ವರದಿಯೇ ಹೇಳುತ್ತದೆ. ಆಕೆಗೆ ಈ ಸಂಖ್ಯೆ ತಿಳಿದಿರಲಿಲ್ಲ. ತಿಳಿಯುವ ಅವಶ್ಯಕತೆಯೂ ಇರಲಿಲ್ಲ.

ಮೊದಲನೆಯ ತೊಡಕು ಲೈಸೆನ್ಸಿನದು. ಅವನ ಕಿಸೆಯಲ್ಲಿ ಒಂದು ಕಾರ್ಡು ಇದ್ದಿತು. ಅದನ್ನು ತೋರಿಸಿ, “ಇದು ಇನ್ನೂ ಜೀವಂತವಾಗಿದೆ ಮೇಷ್ಟ್ರೇ,” ಎಂದನು. ಜೀವಂತವಾಗಿದ್ದುದು ಮೋಟಾರು ಸೈಕಲ್ಲಿನ ಭಾಗ ಮಾತ್ರ. ಒಂದೇ ಕಾರ್ಡಿನಲ್ಲಿ ಸ್ವಂತ ವಾಹನಕ್ಕೆ ಒಂದು ಗಡುವು, ಸಾರಿಗೆ ವಾಹನಕ್ಕೆ ಮತ್ತೊಂದು ಗಡುವು ಅಚ್ಚಾಗಿರುತ್ತದೆ. ಎರಡನ್ನೂ ಬೇರೆಬೇರೆಯಾಗಿ ಓದಬೇಕು. ಹಿಂದೆ ಸಾರಿಗೆ ಲೈಸೆನ್ಸಿಗೆ 3 ವರ್ಷಗಳ ಆಯುಸ್ಸಿದ್ದಿತು. 2019ರ ತಿದ್ದುಪಡಿಯ ನಂತರ 5 ವರ್ಷ. ಪೆಟ್ರೋಲು, ಅನಿಲ, ಆಮ್ಲ ಮೊದಲಾದ ಅಪಾಯಕರ ಸರಕುಗಳನ್ನು ಸಾಗಿಸುವವರಿಗೆ ಮಾತ್ರ ಈಗ 3 ವರ್ಷ. ಇವನು 2010ರಲ್ಲಿ ನವೀಕರಿಸಿದ್ದುದು 2013ರಲ್ಲಿಯೇ ಮುಗಿದುಹೋಗಿತ್ತು. ಗಡುವು ಮುಗಿದು ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ನವೀಕರಣ ಸುಲಭ. ಒಂದು ವರ್ಷ ಮೀರಿದರೆ ಮತ್ತೊಮ್ಮೆ ವಾಹನ ನಡೆಸಿ ತೋರಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾಗತಕ್ಕದ್ದು. ಪರೀಕ್ಷೆಗೆ ಆಯಾ ವರ್ಗದ ವಾಹನವನ್ನೇ ಒಯ್ಯಬೇಕು. 12,000 ಕಿಲೋಗ್ರಾಮಿಗೆ ಮೀರಿದ ಒಟ್ಟು ತೂಕದ್ದು ಭಾರಿ ಸರಕು ವಾಹನ. ಆದುದರಿಂದ ಭಾರಿ ವಾಹನವಿರುವ ಡ್ರೈವಿಂಗ್ ಶಾಲೆಯನ್ನು ಹುಡುಕಿ, ಹದಿನೈದು ದಿನ ಅಭ್ಯಾಸಮಾಡಿ ಹೋಗುವುದು ಒಳ್ಳೆಯದು. ಅನುಭವಿಯಾದ ತನಗೆ ಹುಡುಗರ ಜೊತೆಯಲ್ಲಿ ಪಾಠವೇ ಎಂದು ಇವನು ಮೊದಲು ಮುಖ ಸಣ್ಣದು ಮಾಡಿದನು.

ಅಭ್ಯಾಸದ ಮೂರನೆಯ ದಿನ ಅವನು ಹೇಳಿದ ಮಾತು ನನಗೆ ಬಹಳ ಹಿಡಿಸಿತು. “ಗೇರು ಮರೆತಿಲ್ಲ ಮೇಷ್ಟ್ರೇ, ಕ್ಲಚ್ಚು ಮರೆತಿಲ್ಲ. ಹಿಂದಿನ ಬಾಡಿ ಎಲ್ಲಿಗೆ ಮುಗಿಯುತ್ತದೆಂಬುದು ಮಾತ್ರ ತಿಳಿಯುತ್ತಿಲ್ಲ.” ಹನ್ನೆರಡು ವರ್ಷ ಮೋಟಾರು ಸೈಕಲ್ಲು, ಟ್ರ್ಯಾಕ್ಟರು ನಡೆಸಿದವನ ಮನಸ್ಸಿನಲ್ಲಿ ವಾಹನದ ಉದ್ದವೇ ಮೊಟಕಾಗಿಬಿಟ್ಟಿರುತ್ತದೆ. ತಿರುವಿನಲ್ಲಿ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿ ಬರುವುದಿಲ್ಲ. ಒಳಕ್ಕೆ ಸರಿದು ಬರುತ್ತವೆ. ಆ ಒಳಜಾಗದಲ್ಲಿ ಸೈಕಲ್ಲಿನವನೋ ಶಾಲೆಯ ಮಗುವೋ ನಿಂತಿರಬಹುದು. ಮೂತಿಯ ಮುಂದೆಯೂ ಎಡಬಾಗಿಲಿನ ಕೆಳಗೂ ಡ್ರೈವರಿಗೆ ಏನೂ ಕಾಣದ ಜಾಗಗಳಿವೆ. ವಾಚಕರು ತಮ್ಮ ಮಕ್ಕಳಿಗೆ ಇದನ್ನು ಹೇಳಿಕೊಡಲಿ: ನಿನಗೆ ಡ್ರೈವರಿನ ಮುಖ ಕನ್ನಡಿಯಲ್ಲಿ ಕಾಣದಿದ್ದರೆ ಅವನಿಗೆ ನೀನು ಕಾಣುತ್ತಿಲ್ಲ.

ಎರಡನೆಯದು ಶರೀರ. ಸಾರಿಗೆ ಲೈಸೆನ್ಸಿಗೆ ನೋಂದಾಯಿತ ವೈದ್ಯರ ಪ್ರಮಾಣಪತ್ರ ಬೇಕು; ಅದಕ್ಕೆ 1–ಎ ನಮೂನೆಯೆಂದು ಹೆಸರು. ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರು ದೂರದಿಂದ ವಾಹನದ ನಂಬರ್ ಫಲಕ ತಿಳಿಯುವುದೇ, ಕೆಂಪು ಹಸಿರುಗಳ ಭೇದ ಗೊತ್ತಾಗುವುದೇ, ಕಿವಿ ಕೇಳುವುದೇ ಎಂದು ಅದರಲ್ಲಿ ಪ್ರಶ್ನೆಗಳಿವೆ. ಅನೇಕರು ಈ ಕಾಗದವನ್ನು ವೈದ್ಯರ ಮುಖವನ್ನೂ ಸರಿಯಾಗಿ ನೋಡದೆ ಬರೆಸಿಕೊಂಡು ಬರುತ್ತಾರೆ. ಇದಕ್ಕಿಂತ ದೊಡ್ಡ ಆತ್ಮವಂಚನೆ ಬೇರೊಂದಿಲ್ಲ. ನಲವತ್ತು ದಾಟಿದ ಕಣ್ಣು ಹಗಲಿನಲ್ಲಿ ಚೆನ್ನಾಗಿಯೇ ಇರಬಹುದು. ಎದುರಿನ ದೀಪದ ಪ್ರಖರ ಬೆಳಕು ಒಮ್ಮೆ ಬಡಿದರೆ, ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತೈದರ ಕಣ್ಣಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಲಾರಿ ನಿಂತಿರುವುದಿಲ್ಲವಷ್ಟೆ. ನಮ್ಮ ವಿದ್ಯಾರ್ಥಿಯನ್ನು ಒಬ್ಬ ಒಳ್ಳೆಯ ವೈದ್ಯರಲ್ಲಿಗೆ ಕಳುಹಿಸಿದೆವು. ಕಣ್ಣಿಗೆ ಕನ್ನಡಕ ಬೇಕಾಯಿತು. ರಕ್ತದಲ್ಲಿ ಸಕ್ಕರೆಯ ಅಂಶ ಹೆಚ್ಚಾಗಿರುವುದೂ ಆಗಲೇ ತಿಳಿಯಿತು. ಮಧುಮೇಹಿಯಾದವನು ಲಾರಿ ನಡೆಸಬಾರದೆಂದಿಲ್ಲ. ಆದರೆ ಕೆಲವು ಮಾತ್ರೆಗಳನ್ನು ನುಂಗಿ ಊಟ ತಡವಾದರೆ ಸಕ್ಕರೆ ಇದ್ದಕ್ಕಿದ್ದಂತೆ ಇಳಿದು ಮಂಪರು ಕವಿಯುವುದುಂಟು. ಯಾವ ಮಾತ್ರೆ, ಯಾವ ಹೊತ್ತಿಗೆ ಊಟ ಎಂಬುದನ್ನು ವೈದ್ಯರಿಗೆ ತನ್ನ ಕೆಲಸದ ಸ್ವರೂಪವನ್ನು ತಿಳಿಸಿಯೇ ಗೊತ್ತುಮಾಡಿಕೊಳ್ಳಬೇಕು.

ನಿದ್ರೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳದಿದ್ದರೆ ಈ ಲೇಖನ ಬರೆದೂ ವ್ಯರ್ಥ. 1997ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. ಹದಿನೇಳು ಗಂಟೆಗಳ ಕಾಲ ಎಚ್ಚರವಾಗಿದ್ದವನ ಕೈಗಣ್ಣುಗಳ ಚುರುಕು, ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯಸಾರವಿರುವವನ ಚುರುಕಿಗೆ ಸಮನಾಗಿ ಕುಗ್ಗುತ್ತದೆಂದು ಅದರಿಂದ ಕಂಡುಬಂದಿತು. ನಮ್ಮ ಕಾನೂನಿನಲ್ಲಿ ವಾಹನ ನಡೆಸುವವನಿಗೆ ಇರುವ ಮಿತಿ ಶೇಕಡ 0.03. ಎಂದರೆ, ಬೆಳಗ್ಗೆ ಐದಕ್ಕೆ ಎದ್ದು ಹೊಲದ ಕೆಲಸ ಮುಗಿಸಿ, ರಾತ್ರಿ ಲೋಡು ಹಿಡಿದು ಹತ್ತು ಗಂಟೆ ದಾಟಿಸಿದವನು ಒಂದು ತೊಟ್ಟೂ ಕುಡಿಯದೆ ಕುಡಿದವನ ಸ್ಥಿತಿಗೆ ಬಂದಿರುತ್ತಾನೆ. ಕುಡಿದವನನ್ನು ಬಾಯಿಯ ವಾಸನೆಯಿಂದ ಹಿಡಿಯಬಹುದು. ಇವನನ್ನು ಹಿಡಿಯುವ ಯಂತ್ರ ಪೊಲೀಸರ ಕೈಯಲ್ಲಿಲ್ಲ. ನಡುರಾತ್ರಿ ಎರಡರಿಂದ ಬೆಳಗಿನ ಜಾವ ಐದರವರೆಗೆ ಶರೀರವು ತಾನಾಗಿಯೇ ನಿದ್ರೆಯನ್ನು ಬೇಡುವ ಹೊತ್ತು. ಚಹಾ, ಬೀಡಿ, ಮುಖಕ್ಕೆ ತಣ್ಣೀರು, ಜೋರು ಹಾಡು, ಇವುಗಳಿಂದ ಕೆಲವು ನಿಮಿಷ ನೂಕಬಹುದೇ ಹೊರತು ನಿದ್ರೆಯ ಸಾಲ ತೀರುವುದಿಲ್ಲ. ಅದಕ್ಕೆ ನಿದ್ರೆಯೊಂದೇ ಮದ್ದು. ಊರಿನಲ್ಲಿ ಹನ್ನೆರಡು ವರ್ಷ ಕೋಳಿಯ ಜೊತೆಯಲ್ಲಿ ಮಲಗಿ ಕೋಳಿಯ ಜೊತೆಯಲ್ಲಿ ಎದ್ದ ರೈತನಿಗೆ ಈ ಅಪಾಯ ಉಳಿದವರಿಗಿಂತ ಹೆಚ್ಚು. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, 5 ಗಂಟೆಗೊಮ್ಮೆ ಅರ್ಧ ಗಂಟೆಯಾದರೂ ವಿಶ್ರಾಂತಿ ಎಂದು ವಿಧಿಸಿದ್ದಿತು. 2025ರ ನವೆಂಬರ್ 21ರಿಂದ ಅದರ ಸ್ಥಾನದಲ್ಲಿ ಹೊಸ ಕಾರ್ಮಿಕ ಸಂಹಿತೆ ಬಂದಿದೆ, ಅದರಲ್ಲಿಯೂ ದಿನಕ್ಕೆ 8 ಗಂಟೆಯೇ. ಈ ವಿಧಿಯು ಎಷ್ಟು ಲಾರಿಗಳ ಮೇಲೆ ನಡೆಯುತ್ತದೆಂಬುದನ್ನು ಹೆದ್ದಾರಿಯ ಯಾವ ಡಾಬಾದವನಾದರೂ ಹೇಳಬಲ್ಲನು.

ಲಾರಿಯ ಮಾರ್ಪಾಡುಗಳನ್ನು ಇವನೇ ನನಗೆ ಬೋಧಿಸಿದನು. ಶಿಷ್ಯನಿಂದ ಪಾಠ ಕೇಳುವುದು ಒಂದು ಸುಖ. 2020ರ ಏಪ್ರಿಲಿನಿಂದ ಹೊಸ ಲಾರಿಗಳು ಬಿ.ಎಸ್. 6 ಎಂಬ ಹೊಗೆಯ ನಿಯಮಕ್ಕೆ ಒಳಪಟ್ಟಿವೆ. ದೊಡ್ಡ ಲಾರಿಗಳಲ್ಲಿ ಡೀಸೆಲಿನ ಟ್ಯಾಂಕಿನ ಪಕ್ಕದಲ್ಲಿ ಯೂರಿಯಾ ದ್ರಾವಣದ ಪುಟ್ಟ ಟ್ಯಾಂಕು ಬೇರೆ ಇರುತ್ತದೆ. ಅದು ಬರಿದಾದರೆ ಮುಂದಿನ ಫಲಕದಲ್ಲಿ ದೀಪ ಹತ್ತಿ, ಅಲಕ್ಷ್ಯ ಮಾಡಿದರೆ ಎಂಜಿನ್ನಿನ ಬಲವೇ ಕುಗ್ಗುತ್ತದೆ. ಒಂದರದ್ದನ್ನು ಇನ್ನೊಂದಕ್ಕೆ ಸುರಿದರೆ ಸಾವಿರಾರು ರೂಪಾಯಿಗಳ ನಷ್ಟ. ಹಳೆಯ ಡ್ರೈವರು ಶಬ್ದ ಕೇಳಿ, ವಾಸನೆ ನೋಡಿ, ಒಂದು ತಂತಿಯಿಂದ ರಸ್ತೆಯಲ್ಲಿಯೇ ದುರಸ್ತಿ ಮಾಡುತ್ತಿದ್ದನು. ಈಗ ದೀಪದ ಚಿಹ್ನೆಗಳನ್ನು ಓದಲು ಕಲಿಯಬೇಕು. ಅನುಕೂಲಗಳೂ ಇವೆ. ಸ್ಟೇರಿಂಗು ಹಗುರವಾಗಿದೆ, 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣವು ಕಡ್ಡಾಯ. 2018ರ ಜುಲೈಯಲ್ಲಿ ಹೊರೆಯ ಮಿತಿಯನ್ನೇ ಏರಿಸಿದರು: ಹತ್ತು ಚಕ್ರದ ಲಾರಿಗೆ ಒಟ್ಟು 25 ಟನ್ನಿನಿಂದ 28.5 ಟನ್ನಿಗೆ, ಅತಿ ದೊಡ್ಡವಕ್ಕೆ 49ರಿಂದ 55ಕ್ಕೆ. ಅದಿರಿನ ಕಾಲದಲ್ಲಿ ಮಿತಿಗೆ ಮೀರಿ ತುಂಬಿಸಿಕೊಂಡು ಹೋದುದೇ ವಾಡಿಕೆಯಾಗಿದ್ದವನಿಗೆ ಈ ಅಂಕೆಗಳು ಅಷ್ಟೊಂದು ದೊಡ್ಡವಾಗಿ ತೋರಲಿಲ್ಲ. ಆ ವಾಡಿಕೆಯನ್ನು ಊರಿನಲ್ಲಿಯೇ ಬಿಟ್ಟುಹೋಗೆಂದು ನಾನು ಖಂಡಿತವಾಗಿ ಹೇಳಿದೆನು.

ಹೊರೆ ಏರಿದಷ್ಟೂ ನಿಲ್ಲಿಸುವುದು ಕಷ್ಟ. ವೇಗ ಎರಡರಷ್ಟಾದರೆ ಬ್ರೇಕು ಹಾಕಿದ ಮೇಲೆ ಓಡುವ ದೂರ ನಾಲ್ಕರಷ್ಟಾಗುತ್ತದೆ. ಅರಬೈಲಿನಂತಹ, ಶಿರಾಡಿಯಂತಹ ಘಾಟಿಗಳನ್ನು ಇಳಿಯುವಾಗ, ಯಾವ ಗೇರಿನಲ್ಲಿ ಹತ್ತಬೇಕೋ ಆ ಗೇರಿನಲ್ಲಿಯೇ ಇಳಿಯಬೇಕೆಂಬುದು ಹಿಂದಿನವರ ಪಾಠ. ಎಂಜಿನ್ನೇ ಲಾರಿಯನ್ನು ಹಿಡಿದಿಟ್ಟುಕೊಳ್ಳುವಂತೆ ಮಾಡಿ, ಬ್ರೇಕನ್ನು ಆಗಾಗ ಮಾತ್ರ ಮುಟ್ಟಬೇಕು. ಸತತವಾಗಿ ಒತ್ತಿಹಿಡಿದರೆ ಬ್ರೇಕಿನ ಡ್ರಮ್ಮು ಕಾದು, ಹಿಡಿತ ಸಡಿಲುತ್ತದೆ; ಸುಟ್ಟ ವಾಸನೆ ಬಂದಾಗ ತಡವಾಗಿರುತ್ತದೆ. ಡೀಸೆಲು ಉಳಿಸಲು ನ್ಯೂಟ್ರಲ್ ಮಾಡಿ ಇಳಿಯುವವನು ನಾಲ್ಕು ಕಾಸಿಗೆ ಪ್ರಾಣವನ್ನು ಒತ್ತೆಯಿಟ್ಟವನು. ಹೊರಡುವ ಮುನ್ನ ಗಾಳಿಯ ಒತ್ತಡದ ಮುಳ್ಳು ಏರುವವರೆಗೂ ಕಾಯಬೇಕು. ಆತುರದ ಮಾಲೀಕನು ಹಾರನ್ನು ಬಾರಿಸಿದರೂ ಕಾಯಬೇಕು.

ಇಲ್ಲಿ ನನಗೆ ನಳನ ನೆನಪಾಗುತ್ತದೆ. ಸಂಸ್ಕೃತದ ಮೇಷ್ಟರಿಗೆ ಇಂತಹ ಚಪಲವನ್ನು ವಾಚಕರು ಕ್ಷಮಿಸಬೇಕು. ರಾಜ್ಯವನ್ನು ಕಳೆದುಕೊಂಡು, ರೂಪವನ್ನೂ ಕಳೆದುಕೊಂಡು, ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಲಾಯದಲ್ಲಿ ಊಳಿಗಕ್ಕೆ ನಿಂತ ನಳನೂ ತನಗೆ ತಿಳಿದ ಒಂದು ವಿದ್ಯೆಯಿಂದಲೇ ಬದುಕಿದವನು. ಒಂದೇ ಹಗಲಿನಲ್ಲಿ ವಿದರ್ಭವನ್ನು ಮುಟ್ಟಬೇಕಾದಾಗ ಅವನು ಆರಿಸಿದುದು ಬಡಕಲು ಕುದುರೆಗಳನ್ನು, ಅರಸನಿಗೆ ಸಂಶಯವಾಯಿತು. ಬಾಹುಕನು ಅವುಗಳ ಲಕ್ಷಣವನ್ನು ತಿಳಿಸಿದನು. ಆದರೂ ಬೇರೆ ಬೇಕೆಂದರೆ ಹೇಳು, ಅವನ್ನೇ ಹೂಡುತ್ತೇನೆ ಎಂದನು. ರಥದ ವೇಗವನ್ನು ಎಲ್ಲರೂ ಕೊಂಡಾಡುತ್ತಾರೆ. ನನಗೆ ಹಿಡಿಸುವುದು ಲಾಯದಲ್ಲಿನ ಆ ಪರೀಕ್ಷೆ. ಹೊರಡುವ ಮುಂಚೆ ಚಕ್ರ, ಹಗ್ಗ, ಟಾರ್ಪಾಲು, ದೀಪ, ಸ್ಟೆಪ್ನಿ, ಎಲ್ಲವನ್ನೂ ಸುತ್ತಿ ನೋಡುವ ಹತ್ತು ನಿಮಿಷಗಳಲ್ಲಿಯೇ ಸಾರಥಿಯ ಯೋಗ್ಯತೆ ತಿಳಿಯುತ್ತದೆ.

ಕಾಗದಪತ್ರಗಳು ಹಿಂದಿಗಿಂತ ಕೆಲವು ವಿಷಯಗಳಲ್ಲಿ ಸುಲಭವಾಗಿವೆ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ರಾಜ್ಯದ ಗಡಿಯ ತೆರಿಗೆ ಚೆಕ್‌ಪೋಸ್ಟುಗಳಲ್ಲಿ ಸಾಲುಗಟ್ಟಿ ನಿಲ್ಲುವುದು ತಪ್ಪಿತು. ಬದಲಾಗಿ ಇ–ವೇ ಬಿಲ್ಲು ಬಂದಿದೆ. ಸಾಮಾನ್ಯ ಸರಕಿಗೆ ಅದರ ಆಯುಸ್ಸು 200 ಕಿಲೋಮೀಟರಿಗೆ ಒಂದು ದಿನ. ಲಾರಿ ಕೆಟ್ಟು ನಿಂತರೆ ಗಡುವನ್ನು ಹೆಚ್ಚಿಸುವಂತೆ ಕೂಡಲೇ ಆಫೀಸಿಗೆ ತಿಳಿಸಬೇಕು. 2021ರ ಫೆಬ್ರವರಿಯಿಂದ ಟೋಲಿಗೆ ಫಾಸ್ಟ್ಯಾಗು ಕಡ್ಡಾಯ. ಇವುಗಳಿಗೆಲ್ಲ ಮೊಬೈಲು ತಿಳಿದಿರಬೇಕು. ಮಗಳು ಒಂದು ಮಧ್ಯಾಹ್ನದಲ್ಲಿ ತಂದೆಗೆ ಕಲಿಸಿದಳು.

ಅಪಘಾತವಾದಾಗಿನ ಕಾನೂನಿನ ಬಗ್ಗೆ ಡ್ರೈವರುಗಳಲ್ಲಿ ಬಹಳ ಭಯವಿದೆ. ಹೊಸ ನ್ಯಾಯ ಸಂಹಿತೆಯಲ್ಲಿ, ಪ್ರಾಣಹಾನಿ ಮಾಡಿ ತಿಳಿಸದೆ ಓಡಿಹೋದವನಿಗೆ 10 ವರ್ಷಗಳವರೆಗೆ ಸೆರೆಯೆಂಬ ಉಪವಿಧಿಯ ವಿರುದ್ಧ 2024ರ ಜನವರಿಯಲ್ಲಿ ಲಾರಿಗಳವರು ದೇಶಾದ್ಯಂತ ಮುಷ್ಕರ ಹೂಡಿದರು. ಆ ವರ್ಷದ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಉಪವಿಧಿಯನ್ನು ತಡೆಹಿಡಿದರು. ಆದರೂ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, ಪೊಲೀಸರಿಗೆ ತಿಳಿಸುವುದು ಮೋಟಾರು ವಾಹನಗಳ ಕಾಯಿದೆಯಂತೆ ಡ್ರೈವರಿನ ಕರ್ತವ್ಯವೇ. ಜನರ ಉದ್ರೇಕದಿಂದ ಸ್ಥಳದಲ್ಲಿ ನಿಲ್ಲಲಾಗದ ಸಂದರ್ಭವನ್ನು ಕಾಯಿದೆಯೇ ಒಪ್ಪುತ್ತದೆ. ಆಗ ನೇರವಾಗಿ ಠಾಣೆಗೆ ಹೋಗಬೇಕು.

ಇನ್ನು ಮನೆಯವರು ಮಾಲೀಕನೊಡನೆ ಮಾತನಾಡುವ ಪ್ರಸಂಗ. ಸಂಕೋಚದಿಂದ ಇದನ್ನು ಬಿಟ್ಟುಬಿಟ್ಟವರೇ ಆಮೇಲೆ ಅಳುವವರು. ಸಂಬಳ ತಿಂಗಳದೋ, ಟ್ರಿಪ್ಪಿನದೋ? ದಿನದ ಭತ್ಯವೆಷ್ಟು? ಸರಕು ಇಳಿಸಲು ಎರಡು ದಿನ ಕಾದರೆ ಆ ದಿನಗಳ ಭತ್ಯ ಯಾರದು? ಡೀಸೆಲು ಲೆಕ್ಕಕ್ಕಿಂತ ಹೆಚ್ಚು ಖರ್ಚಾದರೆ, ಟೈರು ಒಡೆದರೆ, ಹೊರೆ ಹೆಚ್ಚಾಗಿ ದಂಡ ಬಿದ್ದರೆ ಯಾರ ತಲೆಯ ಮೇಲೆ? ಟ್ರಿಪ್ಪಿನ ಲೆಕ್ಕದ ಸಂಬಳದಲ್ಲಿ ಹಣ ಹೆಚ್ಚು ಕಾಣುತ್ತದೆ, ನಿದ್ರೆ ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ವಿಮೆ. ಲಾರಿಯ ವಿಮಾಪತ್ರದಲ್ಲಿ ಸಂಬಳದ ಡ್ರೈವರಿನ ಹೊಣೆಯೂ ಸೇರಿದೆಯೇ ಎಂದು ಕಣ್ಣಾರೆ ನೋಡಬೇಕು. ಕೆಲಸದಲ್ಲಿ ಗಾಯವಾದ ಅಥವಾ ಮಡಿದ ನೌಕರನಿಗೆ ಮಾಲೀಕನಿಂದ ಪರಿಹಾರ ಪಡೆಯುವ ಹಕ್ಕು 1923ರಿಂದಲೂ ಇದೆ, ಈಗ ಅದು ಸಾಮಾಜಿಕ ಭದ್ರತೆಯ ಸಂಹಿತೆಯಲ್ಲಿ ಸೇರಿದೆ. ಹಕ್ಕಿದ್ದರೂ, ಇವನು ತನ್ನ ನೌಕರನೇ ಅಲ್ಲವೆಂದು ಮಾಲೀಕನು ಕೈತೊಳೆದುಕೊಂಡರೆ ರುಜುವಾತು ಬೇಕಲ್ಲವೇ? ಆದುದರಿಂದ ಸಂಬಳವು ಬ್ಯಾಂಕಿನ ಮೂಲಕವೇ ಬರಲಿ. ಲಾರಿಯ ನಂಬರು, ವಿಮೆಯ ಗಡುವು, ಎಫ್.ಸಿ.ಯ ಗಡುವು, ಮಾಲೀಕನ ವಿಳಾಸ, ಇಷ್ಟನ್ನು ಹೆಂಡತಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಲಿ.

ನಮ್ಮ ಈ ಕುಟುಂಬದವರು ಮೂರು ಸಂಜೆ ಕುಳಿತು ಹೀಗೆ ಗೊತ್ತುಮಾಡಿದರು. ಈರುಳ್ಳಿಯ ಲೋಡಿಗೆ ಬಾಡಿಗೆ ಚೆನ್ನಾಗಿದ್ದಿತು. ಆದರೆ ಅದು ರಾತ್ರಿ ಹೊರಟು ಬೆಳಗಾಗುವುದರೊಳಗೆ ಬೆಂಗಳೂರಿನ ಮಾರುಕಟ್ಟೆಯನ್ನು ಮುಟ್ಟಬೇಕಾದ ಸರಕು. ಮೊದಲ ಆರು ತಿಂಗಳು ಅದು ಬೇಡ. ಚಳ್ಳಕೆರೆಯ ಎಣ್ಣೆಯ ಗಿರಣಿಗಳಿಂದ ದಾವಣಗೆರೆ, ತುಮಕೂರುಗಳಿಗೆ ಹಗಲಿನಲ್ಲಿ ಹೋಗಿಬರುವ ಲಾರಿಯಲ್ಲಿ, ಕಡಿಮೆ ಸಂಬಳಕ್ಕೆ, ಅವನು ಸೇರಿದನು. ಮಗಳ ಮೊದಲ ವರ್ಷದ ಫೀಜಿಗೆ ಸಾಲದೆ ಬಂದುದಕ್ಕೆ ಹೆಂಡತಿ ಎರಡು ಎಮ್ಮೆಗಳಲ್ಲಿ ಒಂದನ್ನು ಮಾರಿದಳು; ಆಕೆಗೆ ಅದು ಇಷ್ಟವಿರಲಿಲ್ಲ, ಆದರೂ ಮಾರಿದಳು. ಲಾರಿ ಓಡುತ್ತಿರುವಾಗ ಮನೆಯಿಂದ ಯಾರೂ ಫೋನು ಮಾಡತಕ್ಕದ್ದಲ್ಲ, ನಿಲ್ಲಿಸಿದ ಕಡೆಯಿಂದ ಅವನೇ ಮಾಡತಕ್ಕದ್ದು ಎಂಬುದು ಇನ್ನೊಂದು ಕರಾರು. ಆರು ತಿಂಗಳ ನಂತರ ಅವನು ಮಂಗಳೂರಿನ ದಾರಿಯನ್ನು ಹಿಡಿದನು, ಜೊತೆಗೆ ಇನ್ನೊಬ್ಬ ಡ್ರೈವರು ಇರುವ ಲಾರಿಯಲ್ಲಿ. ಈಗ ತಿಂಗಳಿಗೆ ಆರೇಳು ಟ್ರಿಪ್ಪು ಮಾಡುತ್ತಾನೆ. ಮಗಳದು ಕಡೆಯ ವರ್ಷ ನಡೆಯುತ್ತಿದೆ.